ಮೆಡಿಕಲ್‌ಗೆ ನಾನು ತಕ್ಕವನೇ, ತಕ್ಕವಳೇ? ಸಂದೇಹವನ್ನು ಬಿಡಿಸಿ ನೋಡುವ ಬಗೆ

“ನನ್ನಿಂದ ಡಾಕ್ಟರ್ ಆಗಲು ಸಾಧ್ಯವೇ?” ಎಂದು ಕೇಳುವ ಪಿಯುಸಿ ವಿದ್ಯಾರ್ಥಿಯನ್ನು ಸ್ವಲ್ಪ ಹೊತ್ತು ಕೂರಿಸಿ ಮಾತನಾಡಿಸಿದರೆ, ಆ ಒಂದು ಪ್ರಶ್ನೆಯೊಳಗೆ ನಾಲ್ಕೈದು ಬೇರೆ ಬೇರೆ ಅಳುಕುಗಳು ಸೇರಿಕೊಂಡಿರುವುದು ತಿಳಿಯುತ್ತದೆ. ಒಬ್ಬರಿಗೆ ರಕ್ತ ಕಂಡರೆ ತಲೆ ಸುತ್ತುತ್ತದೆ. ಇನ್ನೊಬ್ಬರು ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು. ದಪ್ಪ ಇಂಗ್ಲಿಷ್ ಪುಸ್ತಕಗಳೆಂದರೆ ಅವರಿಗೆ ಭಯ. ಮತ್ತೊಬ್ಬರಿಗೆ ಭೌತಶಾಸ್ತ್ರ ಇನ್ನೂ ಕೈಗೆ ಹತ್ತಿಲ್ಲ. ಎದುರಿಗೆ ಯಾರಾದರೂ ಅತ್ತರೆ ತಮಗೂ ಅಳು ಬರುತ್ತದೆ, ಇಷ್ಟು ಮೆತ್ತನೆಯ ಮನಸ್ಸಿನವರು ಆಸ್ಪತ್ರೆಯಲ್ಲಿ ಹೇಗೆ ಕೆಲಸ ಮಾಡುವುದು ಎಂದು ಚಿಂತಿಸುವವರೂ ಇದ್ದಾರೆ. ಇವೆಲ್ಲವನ್ನೂ ಒಟ್ಟುಗೂಡಿಸಿ “ನನಗೆ ಆ ಯೋಗ್ಯತೆ ಇಲ್ಲ” ಎಂದು ತಮಗೆ ತಾವೇ ತೀರ್ಪು ಕೊಟ್ಟುಕೊಳ್ಳುವವರನ್ನು ಕಂಡರೆ ನನಗೆ ಬಹಳ ನೋವಾಗುತ್ತದೆ. ಕೊಡಗಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಕೆಲಸ ಮಾಡಿರುವ ವೈದ್ಯನಾಗಿ ನಾನು ಹೇಳಬಯಸುವುದು ಇಷ್ಟು: ಈ ಅಳುಕುಗಳಲ್ಲಿ ಹೆಚ್ಚಿನವು ಅಭ್ಯಾಸದಿಂದ ಕಡಿಮೆಯಾಗುತ್ತವೆ, ಕೆಲವಕ್ಕೆ ವೃತ್ತಿಯೊಳಗೇ ಬೇರೆ ದಾರಿಯಿದೆ, ಒಂದೆರಡನ್ನು ಮಾತ್ರ ನಿಜಕ್ಕೂ ಗಂಭೀರವಾಗಿ ತೆಗೆದುಕೊಳ್ಳಬೇಕು. ಯಾವುದು ಯಾವ ಬಗೆಯದು ಎಂಬುದನ್ನು ಕುಳಿತಲ್ಲೇ ಊಹಿಸಲಾಗದು. ಆದರೆ ಸೀಟು ಸಿಗುವ ಮೊದಲೇ, ನೀವಿರುವ ಊರಿನಲ್ಲೇ, ಪರೀಕ್ಷಿಸಿ ನೋಡಬಹುದು.

ಮೊದಲು ಸಂದೇಹವನ್ನು ಬರೆದಿಡಿ

ಒಂದು ನೋಟ್‌ಬುಕ್ಕಿನಲ್ಲಿ ನಿಮ್ಮ ಪ್ರತಿಯೊಂದು ಅಳುಕನ್ನೂ ಪೂರ್ಣ ವಾಕ್ಯದಲ್ಲಿ ಬರೆಯಿರಿ. ಪಕ್ಕದಲ್ಲೇ, ಆ ಅಳುಕು ಹುಟ್ಟಿದ ಒಂದು ನಿಜವಾದ ಸಂದರ್ಭವನ್ನೂ ಬರೆಯಿರಿ. “ನನಗೆ ಧೈರ್ಯವಿಲ್ಲ” ಎಂದು ಬರೆದರೆ ಅದರಿಂದ ಏನೂ ಮಾಡಲಾಗದು. “ತೋಟದಲ್ಲಿ ಕೆಲಸದವರ ಕೈಗೆ ಕತ್ತಿ ತಾಗಿದಾಗ ನಾನು ದೂರ ಹೋಗಿ ನಿಂತೆ” ಎಂದು ಬರೆದರೆ ಅದರಲ್ಲಿ ಪರೀಕ್ಷಿಸಬಹುದಾದ ಒಂದು ಸಂಗತಿ ಇದೆ. ಸಂದರ್ಭವೇ ನೆನಪಿಗೆ ಬಾರದ ಅಳುಕುಗಳ ಪಕ್ಕದಲ್ಲಿ ಖಾಲಿ ಜಾಗ ಬಿಡಿ. ಅಂಥವು ಬಹುತೇಕ ನೆಂಟರ ಮಾತಿನಿಂದಲೋ ಸಹಪಾಠಿಗಳೊಡನೆ ಹೋಲಿಸಿಕೊಂಡಿದ್ದರಿಂದಲೋ ಬಂದವಾಗಿರುತ್ತವೆ.

ಅದೇ ಪುಟದಲ್ಲಿ ಇನ್ನೊಂದು ಪ್ರಶ್ನೆಗೂ ಉತ್ತರ ಬರೆಯಬೇಕು: ಈ ಆಸೆ ಯಾರದು? ನಮ್ಮ ಜಿಲ್ಲೆಯಲ್ಲಿ ಸೇನೆಗೆ ಸೇರುವುದಕ್ಕೂ ಡಾಕ್ಟರ್ ಆಗುವುದಕ್ಕೂ ಮನೆತನದ ಗೌರವದ ತೂಕವಿದೆ. ಅಜ್ಜನ ಕಾಲದಿಂದ ಬಂದ ಆಸೆಯನ್ನು ಮೊಮ್ಮಗಳು ಹೊತ್ತುಕೊಳ್ಳುವುದು ತಪ್ಪೇನೂ ಅಲ್ಲ, ಅನೇಕ ಒಳ್ಳೆಯ ವೈದ್ಯರು ಹಾಗೆಯೇ ಬಂದವರು. ಆದರೆ ಮನೆಯವರು ನಾಳೆಯೇ “ಬೇಡ ಬಿಡು, ನಿನಗೆ ಇಷ್ಟವಾದದ್ದನ್ನು ಓದು” ಎಂದರೆ ನಿಮ್ಮ ಮನಸ್ಸಿಗೆ ಮೊದಲು ಆಗುವುದು ಹಗುರವೋ ಬೇಸರವೋ ಎಂಬುದನ್ನು ಪ್ರಾಮಾಣಿಕವಾಗಿ ಗಮನಿಸಿ. ಹಗುರವಾಗುತ್ತದೆ ಎಂದಾದರೆ, ಮುಂದಿನ ಪರೀಕ್ಷೆಗಳನ್ನೆಲ್ಲ ಮಾಡುವ ಮೊದಲು ಮನೆಯವರೊಡನೆ ಮಾತನಾಡುವುದು ಒಳ್ಳೆಯದು.

ವೈದ್ಯರ ಕೆಲಸ ಎಂಥದ್ದು ಎಂದು ಹತ್ತಿರದಿಂದ ನೋಡಿ

ತಮಗೆ ಯೋಗ್ಯತೆ ಇಲ್ಲ ಎನ್ನುವವರಲ್ಲಿ ಹೆಚ್ಚಿನವರು ತಮ್ಮನ್ನು ಅಳೆದುಕೊಳ್ಳುವುದು ಸಿನಿಮಾದಲ್ಲಿ ಕಂಡ ಡಾಕ್ಟರೊಬ್ಬರ ಜೊತೆಗೆ: ಕ್ಷಣದಲ್ಲಿ ರೋಗ ಹಿಡಿಯುವವರು, ಕೈ ನಡುಗದವರು, ಏನನ್ನೂ ಮರೆಯದವರು. ನಿಜವಾದ ಕೆಲಸದ ಬಹುಭಾಗ ಅದಲ್ಲ. ನಮ್ಮ ಜಿಲ್ಲೆಯಲ್ಲಿ ಸಾಮಾನ್ಯವಾದ ಒಂದು ಸಂದರ್ಭವನ್ನೇ ತೆಗೆದುಕೊಳ್ಳೋಣ. ತೋಟದಲ್ಲಿ ಕಳೆ ತೆಗೆಯುತ್ತಿದ್ದ ಹೆಂಗಸೊಬ್ಬರಿಗೆ ಪಾದದ ಹತ್ತಿರ ಹಾವು ಕಚ್ಚಿದೆ. ತೋಟದ ಲೆಕ್ಕಪತ್ರ ನೋಡಿಕೊಳ್ಳುವ ರೈಟರ್ ಜೀಪಿನಲ್ಲಿ ಕರೆತಂದಿದ್ದಾರೆ. ಹಾವು ಯಾವುದೆಂದು ಯಾರೂ ಸರಿಯಾಗಿ ನೋಡಿಲ್ಲ. ಪಾದ ಊದಿಕೊಂಡಿದೆ, ಆಕೆ ಹೆದರಿ ಬೆವರಿದ್ದಾರೆ.

ಇಲ್ಲಿ ಮಾಡಬೇಕಾದ ಮೊದಲ ಕೆಲಸಗಳಲ್ಲಿ ಒಂದು ಬಹಳ ಸರಳವಾದದ್ದು. ಶುಭ್ರವಾದ, ಒಣಗಿದ ಗಾಜಿನ ಕೊಳವೆಯಲ್ಲಿ ಸುಮಾರು 2 ಮಿಲಿಲೀಟರ್ ರಕ್ತ ತೆಗೆದು, ಅಲ್ಲಾಡಿಸದೆ 20 ನಿಮಿಷ ನಿಲ್ಲಿಸಬೇಕು. ಆಮೇಲೆ ಕೊಳವೆಯನ್ನು ಒಮ್ಮೆ ಓರೆ ಮಾಡಿ ನೋಡಬೇಕು. ರಕ್ತ ಹೆಪ್ಪುಗಟ್ಟಿದ್ದರೆ ಸದ್ಯಕ್ಕೆ ಒಂದು ಸಮಾಧಾನ. ನೀರಾಗಿಯೇ ಹರಿದರೆ ಕೊಳಕುಮಂಡಲದಂಥ ಹಾವಿನ ವಿಷ ರಕ್ತದ ಹೆಪ್ಪುಗಟ್ಟುವ ಗುಣವನ್ನು ಕೆಡಿಸಿದೆ ಎಂದು ತಿಳಿದು ಪ್ರತಿವಿಷ ಕೊಡಬೇಕು. ಕೊಳವೆ ಪ್ಲಾಸ್ಟಿಕ್ಕಿನದಾಗಿದ್ದರೆ, ಅಥವಾ ಸೋಪಿನ ಪುಡಿಯಲ್ಲಿ ತೊಳೆದದ್ದಾಗಿದ್ದರೆ, ಸರಿಯಿರುವ ರಕ್ತವೂ ಹೆಪ್ಪುಗಟ್ಟದೆ ಉಳಿದು ದಾರಿ ತಪ್ಪಿಸಬಹುದು. ಹದಿನೈದನೇ ನಿಮಿಷಕ್ಕೆ ಅವಸರಪಟ್ಟು ಅಲ್ಲಾಡಿಸಿದರೂ ಪರೀಕ್ಷೆ ಕೆಟ್ಟಂತೆಯೇ. ಮೊದಲ ಸಲ ಸರಿಯಿದ್ದರೂ ಮತ್ತೆ ಮತ್ತೆ ಮಾಡಿ ನೋಡಬೇಕು, ಏಕೆಂದರೆ ವಿಷದ ಪರಿಣಾಮ ತಡವಾಗಿ ಕಾಣಿಸಿಕೊಳ್ಳಬಹುದು.

ನಮ್ಮ ದೇಶದಲ್ಲಿ ಸಿಗುವ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸಮಂಡಲ ಎಂಬ ನಾಲ್ಕು ಹಾವುಗಳ ವಿಷಕ್ಕಾಗಿ ತಯಾರಾದದ್ದು. ಪಶ್ಚಿಮ ಘಟ್ಟದ ತೋಟಗಳಲ್ಲಿರುವ, ಮೂತಿ ಉಬ್ಬಿದ ಚಿಕ್ಕ ಗುಳಿಮಂಡಲ ಹಾವಿನ ವಿಷಕ್ಕೆ ಅದು ಕೆಲಸ ಮಾಡುವುದಿಲ್ಲ. ಹೀಗಾಗಿ ಔಷಧಿ ಕೊಟ್ಟರೂ ರಕ್ತ ಸರಿಹೋಗದಿದ್ದರೆ, ಇನ್ನಷ್ಟು ಕೊಡುತ್ತಾ ಹೋಗುವುದೋ, ಇದು ಬೇರೆ ಹಾವಿರಬಹುದೆಂದು ಯೋಚಿಸಿ ಮೈಸೂರಿಗೋ ಮಂಗಳೂರಿಗೋ ಕಳುಹಿಸುವುದೋ ಎಂದು ನಿರ್ಧರಿಸಬೇಕಾಗುತ್ತದೆ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್. ಮಂಗಳೂರಿಗಾದರೆ ಸಂಪಾಜೆ ಘಾಟಿ ಇಳಿಯಬೇಕು, ಮಳೆಗಾಲದಲ್ಲಿ ಆ ದಾರಿಯ ಭರವಸೆ ಇರುವುದಿಲ್ಲ. ಪ್ರತಿವಿಷಕ್ಕೇ ಅಲರ್ಜಿಯಾಗಿ ಬಿಪಿ ಇಳಿಯಬಹುದಾದ್ದರಿಂದ, ಆಗ ಕೊಡುವ ಅಡ್ರಿನಲಿನ್ ಔಷಧಿ ಮೊದಲೇ ಸಿರಿಂಜಿನಲ್ಲಿ ಸಿದ್ಧವಾಗಿರಬೇಕು. ಇಷ್ಟೆಲ್ಲ ನಡೆಯುವಾಗ ಸಿಸ್ಟರ್ ರೋಗಿಯ ಹೆಗಲು ಹಿಡಿದು “ಅಮ್ಮಾ, ಕಾಲು ಅಲ್ಲಾಡಿಸಬೇಡಿ, ನಾವು ಇಲ್ಲೇ ಇದ್ದೇವೆ” ಎಂದು ಹೇಳುತ್ತಲೇ ಇರುತ್ತಾರೆ.

ಈ ಸಂದರ್ಭದಲ್ಲಿ ಯಾವ ಗುಣಗಳು ಬೇಕಾದವು ಎಂದು ನೋಡಿ. ಗಡಿಯಾರ ನೋಡುತ್ತಾ ಇಪ್ಪತ್ತು ನಿಮಿಷ ಕಾಯುವ ತಾಳ್ಮೆ, ಕೊಳವೆ ಹೇಗೆ ತೊಳೆದದ್ದು ಎಂದು ಕೇಳುವಷ್ಟು ಕಾಳಜಿ, ಮಾಡಿದ ಪರೀಕ್ಷೆಯನ್ನೇ ಬೇಸರವಿಲ್ಲದೆ ಮತ್ತೆ ಮಾಡುವ ಶಿಸ್ತು, ತನ್ನ ಮೊದಲ ಊಹೆ ತಪ್ಪಿರಬಹುದೆಂದು ಒಪ್ಪುವ ಮನಸ್ಸು, ಇತರರ ಜೊತೆ ಸೇರಿ ಕೆಲಸ ಮಾಡುವ ನಡತೆ. ಅಸಾಧಾರಣ ಬುದ್ಧಿಯಾಗಲಿ ಅಂಜದ ಗುಂಡಿಗೆಯಾಗಲಿ ಇಲ್ಲಿ ಮೊದಲು ಬೇಕಾದದ್ದಲ್ಲ. ಯೋಗ್ಯತೆಯನ್ನು ಅಳೆಯುವುದಾದರೆ ಈ ಗುಣಗಳಿಂದ ಅಳೆಯಿರಿ. ಪ್ರಯೋಗಾಲಯದಲ್ಲಿ ಟೈಟ್ರೇಷನ್ ಓದಿಕೆ ಹೊಂದದಿದ್ದಾಗ ನೀವು ಮತ್ತೆ ಮಾಡುತ್ತೀರೋ, ಪಕ್ಕದವರ ಅಂಕಿಯನ್ನು ಬರೆದುಕೊಳ್ಳುತ್ತೀರೋ ಎಂಬುದು ನಿಮ್ಮ ಅಂಕಪಟ್ಟಿಗಿಂತ ಹೆಚ್ಚಿನದನ್ನು ಹೇಳುತ್ತದೆ.

ರಕ್ತ ಕಂಡರೆ ತಲೆ ಸುತ್ತುವುದು

ಇದೊಂದೇ ಕಾರಣಕ್ಕೆ ಮೆಡಿಕಲ್ ಬಿಡುವವರಿದ್ದಾರೆ. ಬಿಡಬೇಕಾದ ಅಗತ್ಯವೇ ಇಲ್ಲ. ರಕ್ತ ಅಥವಾ ಸೂಜಿ ಕಂಡಾಗ ಕೆಲವರಲ್ಲಿ ಹೃದಯದ ಬಡಿತ ಮೊದಲು ಏರಿ, ಬಳಿಕ ಬಡಿತವೂ ರಕ್ತದೊತ್ತಡವೂ ಒಮ್ಮೆಲೇ ಇಳಿಯುತ್ತವೆ. ಮಿದುಳಿಗೆ ಹೋಗುವ ರಕ್ತ ಕಡಿಮೆಯಾಗಿ ತಲೆ ಸುತ್ತುತ್ತದೆ, ಕಣ್ಣು ಕತ್ತಲೆಯಾಗುತ್ತದೆ. ಇದು ನರಗಳ ಒಂದು ಪ್ರತಿಕ್ರಿಯೆ. ಮನೋಬಲಕ್ಕೂ ಇದಕ್ಕೂ ಸಂಬಂಧ ಕಡಿಮೆ. ಮೆಡಿಕಲ್ ಕಾಲೇಜಿಗೆ ಸೇರಿದವರಲ್ಲೂ ಮೊದಲ ಶಸ್ತ್ರಚಿಕಿತ್ಸೆ ನೋಡುವಾಗ ಕುಸಿದು ಕೂರುವವರು ಇರುತ್ತಾರೆ.

ಇದಕ್ಕೆ ಒಂದು ಅಭ್ಯಾಸವಿದೆ. ಕುರ್ಚಿಯಲ್ಲಿ ಕುಳಿತು ತೋಳು, ಕಾಲು ಮತ್ತು ಹೊಟ್ಟೆಯ ಸ್ನಾಯುಗಳನ್ನು ಒಟ್ಟಿಗೆ ಬಿಗಿ ಹಿಡಿಯಿರಿ. 10ರಿಂದ 15 ಸೆಕೆಂಡಿನಲ್ಲಿ ಮುಖ ಬೆಚ್ಚಗಾಗುವುದು ಗೊತ್ತಾಗುತ್ತದೆ. ಆಗ ಬಿಗಿತ ಬಿಟ್ಟು, ಪೂರ್ತಿ ಸಡಿಲಿಸದೆ ಸಹಜ ಸ್ಥಿತಿಗೆ ಬನ್ನಿ. 20ರಿಂದ 30 ಸೆಕೆಂಡು ಬಿಟ್ಟು ಮತ್ತೆ ಬಿಗಿ ಹಿಡಿಯಿರಿ. ಹೀಗೆ ಐದು ಸಲ, ದಿನಕ್ಕೆ ಕೆಲವು ಹೊತ್ತು ಮಾಡಿ. ಉಸಿರು ಮಾತ್ರ ಹಿಡಿಯಬಾರದು. ಸ್ನಾಯುಗಳ ಬಿಗಿತ ರಕ್ತದೊತ್ತಡವನ್ನು ಏರಿಸಿ, ಬೀಳುವುದನ್ನು ತಡೆಯುತ್ತದೆ. ಒಂದು ವಾರ ಬರಿದೇ ಅಭ್ಯಾಸ ಮಾಡಿದ ಮೇಲೆ ಗಾಯದ ಚಿತ್ರ ನೋಡುತ್ತಾ ಮಾಡಿ, ಅನಂತರ ವಿಡಿಯೋ, ಅದಾದ ಮೇಲೆ ಲ್ಯಾಬಿನಲ್ಲಿ ನಿಮ್ಮದೇ ರಕ್ತ ಪರೀಕ್ಷೆಗೆ ಕೈ ಕೊಡುವಾಗ. 18 ವರ್ಷ ತುಂಬಿ 45 ಕಿಲೋ ತೂಕವಿದ್ದರೆ ಕಾಲೇಜಿನ ರಕ್ತದಾನ ಶಿಬಿರದಲ್ಲಿ, ನಿಮ್ಮ ತೊಂದರೆಯನ್ನು ಅಲ್ಲಿನ ಸಿಬ್ಬಂದಿಗೆ ಮೊದಲೇ ತಿಳಿಸಿ, ದಾನ ಮಾಡಲು ಆಗುವುದೋ ಎಂದು ಕೇಳಬಹುದು. ರಕ್ತ ಕಾಣದೆಯೂ, ಓಡುವಾಗ ಅಥವಾ ಎದೆ ಬಡಿದುಕೊಂಡು, ಪ್ರಜ್ಞೆ ತಪ್ಪುವುದಿದ್ದರೆ ಅದು ಬೇರೆ ವಿಷಯ. ಮೊದಲು ವೈದ್ಯರಿಗೆ ತೋರಿಸಿ.

ಹೆಣವನ್ನು ಕೊಯ್ದು ಕಲಿಯುವ ತರಗತಿಯ ಬಗ್ಗೆಯೂ ಕೇಳುತ್ತಾರೆ. ಮೊದಲ ದಿನಗಳಲ್ಲಿ ಫಾರ್ಮಲಿನ್ ವಾಸನೆಗೆ ಕಣ್ಣು ಉರಿಯುತ್ತದೆ, ಊಟ ಸೇರುವುದಿಲ್ಲ. ಕೆಲವು ವಾರಗಳಲ್ಲಿ ಹೆಚ್ಚಿನವರಿಗೆ ಅದು ಒಗ್ಗುತ್ತದೆ.

ಓದಿನ ಪರೀಕ್ಷೆ, ಮತ್ತು ನೀಟ್

ನೀಟ್ ಪರೀಕ್ಷೆಯಲ್ಲಿ 720 ಅಂಕಗಳಿಗೆ 180 ಪ್ರಶ್ನೆಗಳು. ಅವುಗಳಲ್ಲಿ ಜೀವಶಾಸ್ತ್ರದ್ದು 90, ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರದ್ದು ತಲಾ 45. ಸರಿಯುತ್ತರಕ್ಕೆ ನಾಲ್ಕು ಅಂಕ, ತಪ್ಪಿಗೆ ಒಂದು ಕಡಿತ. ಕನ್ನಡದಲ್ಲಿಯೂ ಪ್ರಶ್ನೆಪತ್ರಿಕೆ ಸಿಗುತ್ತದೆ. ಈ ಪರೀಕ್ಷೆ ಸೀಟನ್ನು ನಿರ್ಧರಿಸುತ್ತದೆ, ಆದ್ದರಿಂದ ಅದನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಅಲ್ಲಿ ಅಳೆಯುವುದು ಮೂರು ಗಂಟೆಯ ಅವಧಿಯಲ್ಲಿ ವೇಗವಾಗಿ, ತಪ್ಪಿಲ್ಲದೆ ಉತ್ತರ ಗುರುತಿಸುವ ಸಾಮರ್ಥ್ಯವನ್ನು. ಮೇಲೆ ಹೇಳಿದ ಹಾವು ಕಡಿತದ ಹೊತ್ತಿನಲ್ಲಿ ಬೇಕಾದ ಗುಣಗಳನ್ನು ಅದು ಅಳೆಯುವುದಿಲ್ಲ. ಹಾಗಾಗಿ “ಸೀಟು ಸಿಗುವುದೇ?” ಮತ್ತು “ಈ ಕೆಲಸ ನನಗೆ ಹೊಂದುವುದೇ?” ಎಂಬ ಎರಡು ಪ್ರಶ್ನೆಗಳನ್ನು ನೋಟ್‌ಬುಕ್ಕಿನ ಎರಡು ಬೇರೆ ಪುಟಗಳಲ್ಲಿಡಿ.

ಮೊದಲನೆಯದಕ್ಕೆ ಉತ್ತರ ಮಾಕ್ ಟೆಸ್ಟ್‌ಗಳಲ್ಲಿದೆ. ಒಟ್ಟು ಅಂಕವನ್ನಷ್ಟೇ ನೋಡಿ ಕುಗ್ಗಬೇಡಿ, ಹಿಗ್ಗಲೂ ಬೇಡಿ. ತಪ್ಪಾದ ಪ್ರತಿ ಪ್ರಶ್ನೆಯ ಮುಂದೆ ಅದು ಗೊತ್ತೇ ಇರಲಿಲ್ಲವೋ, ಗೊತ್ತಿದ್ದರೂ ಅನ್ವಯಿಸಲು ಬರಲಿಲ್ಲವೋ, ಅವಸರದಲ್ಲಿ ತಪ್ಪಿತೋ ಎಂದು ಬರೆಯಿರಿ. ಮೊದಲ ಮತ್ತು ಮೂರನೆಯ ಬಗೆಯ ತಪ್ಪುಗಳು ಹೆಚ್ಚಿದ್ದರೆ ಇನ್ನೊಂದು ವರ್ಷ ಲಾಂಗ್ ಟರ್ಮ್ ಕೋಚಿಂಗ್ ತೆಗೆದುಕೊಂಡರೆ ಫಲ ಸಿಗುವ ಸಾಧ್ಯತೆ ಇದೆ. ಎರಡನೆಯ ಬಗೆಯವು, ಅದರಲ್ಲೂ ಭೌತಶಾಸ್ತ್ರದಲ್ಲಿ, ತಿಂಗಳಿನಿಂದ ತಿಂಗಳಿಗೆ ಕಡಿಮೆಯಾಗದೆ ಉಳಿದಿದ್ದರೆ, ಹಾಸ್ಟೆಲ್ಲು ಮತ್ತು ಕೋಚಿಂಗ್ ಖರ್ಚು ಮಾಡುವ ಮೊದಲು ನಿಮ್ಮ ಉಪನ್ಯಾಸಕರ ಬಳಿ ಈ ಪಟ್ಟಿಯನ್ನೇ ಹಿಡಿದುಕೊಂಡು ಹೋಗಿ ಕೇಳಿ. ಮೂರನೇ ಸಲ, ನಾಲ್ಕನೇ ಸಲ ಎಂದು ವರ್ಷಗಳನ್ನು ಕಳೆಯುವುದನ್ನು ನಾನು ಒಪ್ಪುವುದಿಲ್ಲ. ಆ ವಯಸ್ಸಿನ ವರ್ಷಗಳ ಬೆಲೆ ದೊಡ್ಡದು.

ಎರಡನೆಯ ಪ್ರಶ್ನೆಗೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಮೂತ್ರಪಿಂಡದ ಅಧ್ಯಾಯವನ್ನು ತೆಗೆದುಕೊಳ್ಳಿ. ನೆಫ್ರಾನಿನ ಒಳಗೆ ನೀರು ಮತ್ತು ಲವಣ ಎಲ್ಲಿ ಹೊರಹೋಗುತ್ತವೆ, ಎಲ್ಲಿ ಮರಳಿ ಹೀರಲ್ಪಡುತ್ತವೆ ಎಂಬುದು ಅರ್ಥವಾಗುವವರೆಗೆ ಓದಿ, ಪುಸ್ತಕ ಮುಚ್ಚಿ, ಚಿತ್ರ ಬರೆಯಿರಿ. ಆಮೇಲೆ ವಿಜ್ಞಾನ ಓದದ ನಿಮ್ಮ ಅಮ್ಮನಿಗೋ ಚಿಕ್ಕಪ್ಪನಿಗೋ ಮನೆಮಾತಿನಲ್ಲಿ ವಿವರಿಸಿ. ಅವರು ಕೇಳುವ ಪ್ರಶ್ನೆಗೆ ಉತ್ತರ ತೋಚದೆ ನಿಲ್ಲುವ ಜಾಗ ಖಂಡಿತ ಬರುತ್ತದೆ. ಆಗ ನಿಮಗೆ “ಇದೆಲ್ಲ ಯಾಕೆ ಬೇಕು” ಎನಿಸುತ್ತದೆಯೋ, ಮರಳಿ ಪುಸ್ತಕ ತೆರೆದು ನೋಡಬೇಕೆನಿಸುತ್ತದೆಯೋ ಎಂಬುದೇ ಪರೀಕ್ಷೆಯ ಫಲಿತಾಂಶ. ಒಂದು ವಾರದ ಬಳಿಕ ಅದೇ ಚಿತ್ರವನ್ನು ಮತ್ತೆ ಬರೆಯಿರಿ. ಅರ್ಧ ಮರೆತಿದ್ದರೆ ಗಾಬರಿ ಬೇಡ, ಮರೆಯುವುದು ಸಹಜ. ಮೆಡಿಕಲ್ ಓದು ಎಂದರೆ ಮರೆತದ್ದನ್ನು ವರ್ಷಾನುಗಟ್ಟಲೆ ಮರಳಿ ಓದುವುದೇ. ಬೇರೆ ಅಧ್ಯಾಯಗಳಲ್ಲಿ ನಾಲ್ಕೈದು ಸಲ ಹೀಗೆ ಮಾಡಿದ ಮೇಲೂ ಪ್ರತಿ ಸಲ ಮನಸ್ಸು ಹಿಂಜರಿದರೆ ಅದನ್ನು ಗಂಭೀರವಾಗಿ ಪರಿಗಣಿಸಿ. ಎಂಬಿಬಿಎಸ್ ಓದು ನಾಲ್ಕೂವರೆ ವರ್ಷ, ಅದರ ಮೇಲೆ ಒಂದು ವರ್ಷ ಇಂಟರ್ನ್‌ಶಿಪ್, ಸ್ನಾತಕೋತ್ತರ ಎಂಡಿ ಅಥವಾ ಎಂಎಸ್ ಬೇಕೆಂದರೆ ಮತ್ತೆ ಮೂರು ವರ್ಷ. ಇಷ್ಟವಿಲ್ಲದ ಓದನ್ನು ಅಷ್ಟು ಕಾಲ ಹೊರುವುದು ಬಹಳ ಕಷ್ಟ.

ಮನೆಯ ಹಿರಿಯರ ಮಾತ್ರೆಗಳು

ನಾನು ಎಲ್ಲಕ್ಕಿಂತ ಹೆಚ್ಚು ನಂಬುವ ಪರೀಕ್ಷೆ ಇದು. ಅಜ್ಜಿಗೋ ಅಜ್ಜನಿಗೋ ಬಿಪಿ ಅಥವಾ ಶುಗರ್ ಇದ್ದರೆ, ಅವರ ಒಪ್ಪಿಗೆ ಪಡೆದು, ಮೂರು ತಿಂಗಳು ಅವರ ಔಷಧಿಯ ಹೊಣೆ ವಹಿಸಿಕೊಳ್ಳಿ. ಯಾವ ಮಾತ್ರೆ ಊಟಕ್ಕೆ ಮೊದಲು, ಯಾವುದು ನಂತರ ಎಂದು ವೈದ್ಯರ ಚೀಟಿ ನೋಡಿ ಬರೆದಿಡಿ. ಮಾತ್ರೆಗಳನ್ನು ವಾರಕ್ಕೊಮ್ಮೆ ಎಣಿಸಿ, ಎಷ್ಟು ತಪ್ಪಿತು ಎಂದು ನೋಡಿ. ಬಿಪಿಯನ್ನು ನಿಗದಿತ ದಿನ, ಅವರು ಐದು ನಿಮಿಷ ಸುಮ್ಮನೆ ಕುಳಿತ ಮೇಲೆ ಅಳೆದು ಬರೆಯಿರಿ. ಔಷಧಿಯ ಪ್ರಮಾಣವನ್ನು ನೀವಾಗಿ ಬದಲಿಸಲೇಬಾರದು. ನಿಮ್ಮ ಕೆಲಸ ಗಮನಿಸುವುದು, ಬರೆಯುವುದು, ಚೆಕಪ್‌ಗೆ ಹೋದಾಗ ಆ ಪುಸ್ತಕವನ್ನು ವೈದ್ಯರ ಮುಂದಿಡುವುದು.

ಎರಡನೇ ವಾರದಲ್ಲೇ ನಿಜವಾದ ತೊಡಕು ಶುರುವಾಗುತ್ತದೆ. ಅಜ್ಜಿ “ಇವತ್ತು ಚೆನ್ನಾಗಿದ್ದೇನೆ ಮಗಾ, ಬೇಡ” ಎನ್ನುತ್ತಾರೆ. ಹುತ್ತರಿ ಹಬ್ಬಕ್ಕೆ ನೆಂಟರು ಬಂದಾಗ ಸಿಹಿಯೂ ಮಾಂಸದೂಟವೂ ನಡೆಯುತ್ತವೆ, ಮಾತ್ರೆ ಮರೆತುಹೋಗುತ್ತದೆ. ಕಾಫಿ ಕೊಯ್ಲಿನ ಸಮಯದಲ್ಲಿ ಮನೆಮಂದಿಯೆಲ್ಲ ಕಣದಲ್ಲಿರುತ್ತಾರೆ, ಔಷಧಿ ಮುಗಿದರೂ ತರುವವರಿಲ್ಲ. ಆ ಹೊತ್ತಿನಲ್ಲಿ ನೀವು ಏನು ಮಾಡುತ್ತೀರಿ? ಗದರಿಸುತ್ತೀರೋ, ಬಿಟ್ಟುಬಿಡುತ್ತೀರೋ, ಯಾಕೆ ಬೇಡವೆಂದು ಪಕ್ಕದಲ್ಲಿ ಕುಳಿತು ಕೇಳುತ್ತೀರೋ? ಕೇಳಿದರೆ, ಆ ಮಾತ್ರೆ ತೆಗೆದುಕೊಂಡ ದಿನ ರಾತ್ರಿ ಎರಡು ಸಲ ಮೂತ್ರಕ್ಕೆ ಏಳಬೇಕಾಗುತ್ತದೆ, ಮಳೆಯಲ್ಲಿ ಹಿತ್ತಲ ಕಡೆ ಹೋಗಲು ಭಯ ಎಂಬ ಮಾತು ಹೊರಬರಬಹುದು. ಅದನ್ನು ವೈದ್ಯರಿಗೆ ತಿಳಿಸಿದರೆ ಅವರು ಮಾತ್ರೆಯ ಹೊತ್ತನ್ನು ಬದಲಿಸಬಹುದು. ಹೀಗೆ ಒಂದು ಕಾರಣ ಕಂಡುಹಿಡಿದಾಗ ನಿಮಗೆ ಸಂತೋಷವಾದರೆ, ನೀವು ಈ ವೃತ್ತಿಗೆ ಹತ್ತಿರದವರು ಎಂದು ನಾನು ಹೇಳುತ್ತೇನೆ. ಮೂರು ತಿಂಗಳ ಕೊನೆಗೆ ಪುಸ್ತಕದಲ್ಲಿ ಕೆಲವು ದಿನ ಖಾಲಿ ಇರುವುದು ತಪ್ಪಲ್ಲ. ಖಾಲಿ ಬಿಟ್ಟ ದಿನಗಳನ್ನು ಆಮೇಲೆ ಊಹೆಯ ಅಂಕಿಗಳಿಂದ ತುಂಬಿಸಿದ್ದರೆ ಅದು ನಿಜಕ್ಕೂ ಯೋಚಿಸಬೇಕಾದ ಸಂಗತಿ. ಆಸ್ಪತ್ರೆಯಲ್ಲಿ ನೋಡದ ಬಿಪಿಯನ್ನು ನೋಡಿದಂತೆ ಬರೆಯುವ ಅಭ್ಯಾಸ ಜೀವ ತೆಗೆಯಬಹುದು.

ಇದರ ಜೊತೆಗೆ ಆಸ್ಪತ್ರೆಯನ್ನು ಕಣ್ಣಾರೆ ನೋಡುವುದೂ ಅಗತ್ಯ. ಮಡಿಕೇರಿಯ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆ 2016ರಲ್ಲಿ 150 ಸೀಟುಗಳೊಡನೆ ಆರಂಭವಾದದ್ದರಿಂದ, ಮೆಡಿಕಲ್ ಓದುತ್ತಿರುವವರನ್ನು ಮಾತನಾಡಿಸಲು ಈಗ ಜಿಲ್ಲೆ ಬಿಟ್ಟು ಹೋಗಬೇಕಾಗಿಲ್ಲ. ಎರಡನೇ ಅಥವಾ ಮೂರನೇ ವರ್ಷದವರನ್ನು ಕೇಳಿ. ಮೊದಲ ವರ್ಷದವರಿಗೆ ಇನ್ನೂ ರೋಗಿಗಳ ಒಡನಾಟ ಕಡಿಮೆ. “ಕಳೆದ ವಾರ ನಿಮಗೆ ಯಾವ ದಿನ ಬೇಸರವಾಯಿತು, ಯಾಕೆ?” ಎಂದು ಕೇಳಿದರೆ “ಮೆಡಿಕಲ್ ಹೇಗಿದೆ?” ಎಂದು ಕೇಳಿದ್ದಕ್ಕಿಂತ ಉಪಯುಕ್ತ ಉತ್ತರ ಸಿಗುತ್ತದೆ. ನಿಮ್ಮೂರಿನ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯನ್ನು ಭೇಟಿಯಾಗಿ, ಒಂದು ಬೆಳಗ್ಗೆ ಓಪಿಡಿಯ ಹೊರಗೆ ಕುಳಿತು ನೋಡಲು ಅನುಮತಿ ಕೇಳಿ. ಆಶಾ ಕಾರ್ಯಕರ್ತೆಯರು ತೋಟದ ಕಾರ್ಮಿಕರ ಲೈನ್ ಮನೆಗಳಿಗೆ ಹೋಗುವಾಗ, ಅವರೂ ಆ ಮನೆಯವರೂ ಒಪ್ಪಿದರೆ, ಜೊತೆಯಲ್ಲಿ ಹೋಗಬಹುದು. ಅಲ್ಲಿ ಕಂಡ ಯಾರ ಕಾಯಿಲೆಯನ್ನೂ ಊರಲ್ಲಿ ಹೇಳಕೂಡದು, ಫೋಟೋ ತೆಗೆಯಕೂಡದು. ಚಿಕ್ಕ ಊರಿನಲ್ಲಿ ಒಂದು ಮಾತು ಸಂಜೆಯೊಳಗೆ ಸಂತೆಗೆ ಮುಟ್ಟುತ್ತದೆ. ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲು ಬರುವುದೂ ಒಂದು ಯೋಗ್ಯತೆಯೇ.

ಭಾಷೆ, ಅಳು, ನಡುಗುವ ಕೈ

ಇಂಗ್ಲಿಷ್ ಬಾರದೆಂಬ ಅಳುಕು ಕನ್ನಡ ಮಾಧ್ಯಮದವರಲ್ಲಿ ಬಹಳ ಆಳವಾಗಿರುತ್ತದೆ. ಮೊದಲ ವರ್ಷದ ಪುಸ್ತಕಗಳು ಅವರಿಗೆ ಕಷ್ಟವಾಗುತ್ತವೆ ಎಂಬುದನ್ನು ನಾನು ಮುಚ್ಚಿಡುವುದಿಲ್ಲ. ಒಂದು ಪುಟಕ್ಕೆ ಇತರರಿಗಿಂತ ಎರಡು ಪಟ್ಟು ಹೊತ್ತು ಬೇಕಾಗಬಹುದು. ಆದರೆ ಅಂಗರಚನಾಶಾಸ್ತ್ರದ ಪದಗಳು ಇಂಗ್ಲಿಷ್ ಮಾಧ್ಯಮದವರಿಗೂ ಹೊಸವೇ, ಹಾಗಾಗಿ ಮೊದಲ ವರ್ಷದ ಕೊನೆಯ ಹೊತ್ತಿಗೆ ಈ ಅಂತರ ಬಹಳ ಕಡಿಮೆಯಾಗುತ್ತದೆ. ಅದಕ್ಕೆ ಪ್ರತಿಯಾಗಿ, ಕೊಡಗಿನಲ್ಲಿ ಬೆಳೆದವರ ಬಳಿ ಬೇರೆಯವರು ಲೆಕ್ಕಕ್ಕೇ ತೆಗೆದುಕೊಳ್ಳದ ಒಂದು ಬಲವಿದೆ. ಮನೆಯಲ್ಲಿ ಕೊಡವ ತಕ್ಕ್ ಅಥವಾ ಅರೆಭಾಷೆ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ, ತೋಟದಲ್ಲಿ ತಮಿಳು, ಆದಿವಾಸಿಗಳ ಹಾಡಿಯಿಂದ ಬರುವವರ ಯರವ ಭಾಷೆಯ ನಾಲ್ಕು ಮಾತು, ಅಸ್ಸಾಮಿನ ಕೆಲಸಗಾರರೊಡನೆ ಮುರುಕು ಹಿಂದಿ. “ಎಲ್ಲಿ ನೋವು, ಯಾವಾಗಿನಿಂದ?” ಎಂದು ರೋಗಿಯ ಮಾತಿನಲ್ಲೇ ಕೇಳಬಲ್ಲವರಿಗೆ ಅರ್ಧ ರೋಗನಿರ್ಣಯ ಕೈಗೆ ಬಂದಂತೆ.

ಅಳು ಬರುವುದು ಅನರ್ಹತೆಯಲ್ಲ. ಮಗುವೊಂದು ತೀರಿಕೊಂಡ ರಾತ್ರಿ ಡ್ಯೂಟಿ ಕೋಣೆಯಲ್ಲಿ ಅತ್ತು, ಮುಖ ತೊಳೆದು ಮುಂದಿನ ಹಾಸಿಗೆಯ ಕಡೆ ನಡೆದ ಹೌಸ್ ಸರ್ಜನ್‌ಗಳನ್ನು, ಅಂದರೆ ಇಂಟರ್ನ್‌ಶಿಪ್‌ನಲ್ಲಿರುವವರನ್ನು, ನಾನು ನೋಡಿದ್ದೇನೆ. ಅವರಲ್ಲಿ ಹಲವರು ಇಂದು ಜನ ಹುಡುಕಿಕೊಂಡು ಹೋಗುವ ವೈದ್ಯರಾಗಿದ್ದಾರೆ. ನೀವು ಗಮನಿಸಬೇಕಾದದ್ದು ಅತ್ತಿರೋ ಇಲ್ಲವೋ ಎಂಬುದನ್ನಲ್ಲ. ದುಃಖದ ಮನೆಗೆ ಮರುದಿನ ಮತ್ತೆ ಹೋಗಿ ನೀರು ಕೊಡುವುದು, ಫೋನ್ ಮಾಡುವುದು ಮುಂತಾದ ಕೆಲಸಗಳಿಗೆ ಕೈ ಹಾಕುತ್ತೀರೋ ಎಂಬುದನ್ನು. ಬೇರೆಯವರ ನೋವು ವಾರಗಟ್ಟಲೆ ನಿಮ್ಮ ನಿದ್ದೆ, ಊಟ ಕೆಡಿಸುತ್ತಿದ್ದರೆ ಮನೋವೈದ್ಯರ ಸಹಾಯ ಪಡೆಯಿರಿ. ಅದರಿಂದಲೂ ವೃತ್ತಿಯ ಬಾಗಿಲು ಮುಚ್ಚುವುದಿಲ್ಲ.

ಕೈ ನಡುಗುವುದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಹೊಲಿಗೆ ಹಾಕುವುದು ಅಭ್ಯಾಸದಿಂದ ಬರುತ್ತದೆ. ಕೊನೆಗೂ ಕತ್ತರಿ ಹಿಡಿಯಲು ಇಷ್ಟವಿಲ್ಲದವರಿಗೆ ಪೆಥಾಲಜಿ, ರೇಡಿಯಾಲಜಿ, ಮನೋವೈದ್ಯಶಾಸ್ತ್ರ, ಸಮುದಾಯ ವೈದ್ಯಶಾಸ್ತ್ರಗಳಂಥ ವಿಭಾಗಗಳಿವೆ.

ಯಾವುದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು

ಮೇಲಿನವು ಅಭ್ಯಾಸಕ್ಕೆ ಬಗ್ಗುವಂಥವು. ಇನ್ನು ಕೆಲವನ್ನು ಕಂಡರೆ ನಾನು ವಿದ್ಯಾರ್ಥಿಗಳಿಗೆ ನಿಂತು ಯೋಚಿಸಲು ಹೇಳುತ್ತೇನೆ. ಕಾಯಿಲೆಯವರ ಜೊತೆ ಇರುವುದೇ ಕಿರಿಕಿರಿಯಾಗಿ, ಅವರ ಕೊಳಕು, ವಾಸನೆ, ಒಂದೇ ಮಾತನ್ನು ಹತ್ತು ಸಲ ಹೇಳುವುದು ಇವುಗಳಿಂದ ಅಸಹ್ಯ ಹುಟ್ಟಿ ತಿಂಗಳುಗಳಾದರೂ ಕಡಿಮೆಯಾಗದಿರುವುದು. ತಪ್ಪಾದಾಗ ಮುಚ್ಚಿಡುವ ಅಭ್ಯಾಸ. ಗೊತ್ತಿಲ್ಲ ಎಂದು ಹೇಳಲು ಬಾರದಿರುವುದು. ಬಡವರ, ಹಾಡಿಯವರ, ಕುಡಿತದಿಂದ ಲಿವರ್ ಕೆಡಿಸಿಕೊಂಡವರ ಮೇಲೆ ತಿರಸ್ಕಾರ. ಕೇವಲ ಗೌರವಕ್ಕಾಗಿ ಅಥವಾ ಹಣಕ್ಕಾಗಿ ಈ ದಾರಿಗೆ ಬರುವುದು. ಇವುಗಳಲ್ಲಿ ಕೆಲವನ್ನು ಮನಸ್ಸು ಮಾಡಿದರೆ ತಿದ್ದಿಕೊಳ್ಳಬಹುದು. ಆದರೆ ಅಂಕ ಎಷ್ಟೇ ಇದ್ದರೂ, ತಿದ್ದಿಕೊಳ್ಳುವ ಮನಸ್ಸಿಲ್ಲದೆ ವೈದ್ಯರಾದರೆ ಅದರ ಬೆಲೆ ತೆರುವವರು ರೋಗಿಗಳು.

ಪರೀಕ್ಷೆಗಳನ್ನು ಮಾಡಿದ ಮೇಲೆ ಮನಸ್ಸು ಬೇರೆ ಕಡೆ ಹೊರಳಿದರೆ, ಆರೋಗ್ಯ ಕ್ಷೇತ್ರದೊಳಗೇ ನರ್ಸಿಂಗ್, ಫಿಸಿಯೋಥೆರಪಿ, ಲ್ಯಾಬ್ ಟೆಕ್ನಾಲಜಿ, ಆಪರೇಷನ್ ಥಿಯೇಟರ್ ಟೆಕ್ನಾಲಜಿ, ಆಪ್ಟೊಮೆಟ್ರಿಯಂಥ ಕೋರ್ಸ್‌ಗಳಿವೆ. ವಿರಾಜಪೇಟೆಯಲ್ಲಿ ದಂತ ವೈದ್ಯಕೀಯ ಕಾಲೇಜಿದೆ. ಜೀವಶಾಸ್ತ್ರ ಇಷ್ಟ, ಆಸ್ಪತ್ರೆ ಬೇಡ ಎಂದು ಸ್ಪಷ್ಟವಾದವರಿಗೆ ಪಶುವೈದ್ಯಕೀಯವೂ ಪೊನ್ನಂಪೇಟೆಯ ಅರಣ್ಯ ಕಾಲೇಜೂ ಇವೆ. ಸೇನೆಯ ಕಡೆ ಮನಸ್ಸಿರುವವರು ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನ ನಿಯಮಗಳನ್ನು ಓದಬೇಕು. ಅಲ್ಲಿಗೂ ನೀಟ್ ಅಂಕ ಬೇಕು, ಓದು ಮುಗಿದ ಮೇಲೆ ಸೇವೆಯ ಕರಾರು ಇರುತ್ತದೆ. ಇವನ್ನು ಮೆಡಿಕಲ್ ಸಿಗದವರ ಪಾಲಿಗೆ ಉಳಿದ ಜಾಗಗಳೆಂದು ಮನೆಯವರು ಮಾತನಾಡುವುದು ನಿಲ್ಲಬೇಕು. ಹಾವು ಕಚ್ಚಿದ ಆ ಹೆಂಗಸಿನ ಪಕ್ಕದಲ್ಲಿ ರಾತ್ರಿಯಿಡೀ ಇರುವವರು ಸಿಸ್ಟರ್. ಪರೀಕ್ಷೆಯ ಕೊಳವೆಯನ್ನು ಸರಿಯಾಗಿ ಇಟ್ಟಿರುವವರು ಲ್ಯಾಬ್ ಟೆಕ್ನಿಷಿಯನ್.

ತಂದೆತಾಯಿಯರಲ್ಲಿ ನನ್ನದೊಂದು ವಿನಂತಿ. ಮಗ ಅಥವಾ ಮಗಳು ಸಂದೇಹ ಹೇಳಿಕೊಂಡಾಗ “ಎಲ್ಲ ಸರಿಹೋಗುತ್ತದೆ, ಓದು” ಎಂದು ಮಾತು ಮುಗಿಸಬೇಡಿ. ಆ ನೋಟ್‌ಬುಕ್ಕನ್ನು ಅವರು ತೋರಿಸಿದರೆ ಕೊನೆಯವರೆಗೆ ಓದಿ. ಖರ್ಚಿನ ಲೆಕ್ಕವನ್ನೂ ಮುಚ್ಚುಮರೆಯಿಲ್ಲದೆ ಅವರ ಮುಂದಿಡಿ: ಸರ್ಕಾರಿ ಸೀಟಿಗೂ ಖಾಸಗಿ ಸೀಟಿಗೂ ಇರುವ ವ್ಯತ್ಯಾಸವನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಆ ವರ್ಷ ಪ್ರಕಟಿಸುವ ಶುಲ್ಕದ ಪಟ್ಟಿಯಲ್ಲಿ ಒಟ್ಟಿಗೆ ಕುಳಿತು ನೋಡಿ. ತೋಟ ಅಡವಿಟ್ಟು ಸೀಟು ತೆಗೆದಿದ್ದಾರೆ ಎಂಬ ಅರಿವು ಮೊದಲ ವರ್ಷದ ಮಕ್ಕಳ ಮೇಲೆ ಎಂಥ ಭಾರ ಹೇರುತ್ತದೆ ಎಂಬುದನ್ನು ಹೊರಗಿನವರು ಊಹಿಸುವುದು ಕಷ್ಟ.

ಸೇರಿದ ಮೇಲೂ ಸಂದೇಹ ಬಂದರೆ

ಬರುತ್ತದೆ. ಪಿಯುಸಿಯಲ್ಲಿ ಕಾಲೇಜಿಗೇ ಮೊದಲಿಗರಾಗಿದ್ದವರು ಮೊದಲ ಇಂಟರ್ನಲ್ಸ್‌ನಲ್ಲಿ ತರಗತಿಯ ನಡುವೆ ಎಲ್ಲೋ ಇರುತ್ತಾರೆ, ಅಥವಾ ಫೇಲಾಗುತ್ತಾರೆ. ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಜೀವರಸಾಯನಶಾಸ್ತ್ರ ಮೂರನ್ನೂ ಒಟ್ಟಿಗೆ ಎದುರಿಸುವ ಆ ಮೊದಲ ವರ್ಷವೇ ಹೆಚ್ಚಿನವರಿಗೆ ಕಠಿಣವಾದದ್ದು; ಒಂದು ಇಂಟರ್ನಲ್ಸ್ ಅಂಕದಿಂದ ಯಾವ ತೀರ್ಮಾನಕ್ಕೂ ಬರಬೇಡಿ. 2019ರಿಂದ ಜಾರಿಯಲ್ಲಿರುವ ಪಠ್ಯಕ್ರಮದಲ್ಲಿ, ತರಗತಿಗಳ ಆರಂಭಕ್ಕೆ ಒಂದು ಪರಿಚಯ ಅವಧಿಯಿದೆ. ಅದರಲ್ಲಿ ಭಾಷೆ ಮತ್ತು ಕಂಪ್ಯೂಟರ್ ಬಳಕೆಯ ಕಲಿಕೆಯೂ ಸೇರಿದೆ. ರೋಗಿಯೊಡನೆ ಮಾತನಾಡುವ ಬಗೆ ಮತ್ತು ವೃತ್ತಿನೀತಿಯನ್ನು ಎಲ್ಲ ವರ್ಷಗಳಲ್ಲೂ ಕಲಿಸುತ್ತಾರೆ. ಅಂದರೆ ಇವುಗಳನ್ನೆಲ್ಲ ಮೊದಲೇ ಕಲಿತು ಬಂದಿರಬೇಕೆಂದು ಯಾರೂ ನಿರೀಕ್ಷಿಸುವುದಿಲ್ಲ.

ಸಂದೇಹ ಬಂದ ವಾರವೇ ನಿಮಗೆ ಗೊತ್ತುಪಡಿಸಿರುವ ಮೆಂಟರ್ ಬಳಿ ಹೋಗಿ, ಯಾವ ವಿಷಯ, ಯಾವ ಪಾಠ, ದಿನಕ್ಕೆ ಎಷ್ಟು ಹೊತ್ತು ಓದುತ್ತಿದ್ದೀರಿ, ಎಷ್ಟು ಹೊತ್ತು ನಿದ್ದೆ ಎಂಬುದನ್ನು ಬರೆದುಕೊಂಡು ಮಾತನಾಡಿ. ಹಾಸ್ಟೆಲ್ಲಿನಲ್ಲಿ ಒಬ್ಬರೇ ಕುಳಿತು ಊಟ ಬಿಡುವುದು, ತರಗತಿ ತಪ್ಪಿಸುವುದು, ಬದುಕೇ ಬೇಡವೆನಿಸುವುದು ಶುರುವಾಗಿದ್ದರೆ ಮೆಂಟರ್‌ಗಾಗಿ ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು, ಶುಲ್ಕವಿಲ್ಲ. ಆ ರಾತ್ರಿ ಪಕ್ಕದ ಕೋಣೆಯ ಗೆಳೆಯರಲ್ಲಿ ಒಬ್ಬರನ್ನಾದರೂ ಜೊತೆಯಲ್ಲಿರಲು ಕೇಳಿಕೊಳ್ಳಿ, ಬೆಳಗಾದ ಮೇಲೆ ಮನೆಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿ.